ಮುಂಬರುವ ವರ್ಷಗಳ ರಾಗಿಯೂ ಇಂದಿನ ಬೀಜದ ಕೆಲಸವೂ

ದೇಶದ ಜನಸಂಖ್ಯೆಯು ಏರುತ್ತಿರುವುದೂ ಅದರೊಡನೆ ಧಾನ್ಯದ ಬೇಡಿಕೆಯು ಏರುತ್ತಿರುವುದೂ ಗ್ರಾಮದ ಯಜಮಾನರಿಗಾಗಲಿ ಜಮೀನುದಾರರಿಗಾಗಲಿ ಹೊಸದಾಗಿ ತಿಳಿಸಬೇಕಾದ ಸಂಗತಿಯಲ್ಲ. ೧೯೫೧ನೆಯ ಇಸವಿಯ ಖಾನೇಷುಮಾರಿಯಂತೆ ಇಂಡಿಯಾ ದೇಶದಲ್ಲಿ ಸುಮಾರು ೩೬ ಕೋಟಿ ಜನರಿದ್ದರು. ೨೦೧೧ನೆಯ ಇಸವಿಯ ಖಾನೇಷುಮಾರಿಯಲ್ಲಿ ಈ ಸಂಖ್ಯೆಯು ೧೨೧ ಕೋಟಿಯನ್ನು ಮುಟ್ಟಿತು. ೧೯೫೦-೫೧ರಲ್ಲಿ ದೇಶದ ಆಹಾರಧಾನ್ಯಗಳ ಒಟ್ಟು ಹುಟ್ಟುವಳಿಯು ೫ ಕೋಟಿ ಟನ್ನುಗಳಷ್ಟಿತ್ತು. ೨೦೨೦-೨೧ರಲ್ಲಿ ಅದು ಸುಮಾರು ೩೧ ಕೋಟಿ ಟನ್ನುಗಳಾಯಿತು. ಉಣ್ಣುವವರು ಮೂರು ಮಡಿಗಿಂತ ಹೆಚ್ಚಿದಾಗ ಧಾನ್ಯವು ಆರು ಮಡಿಯಾಯಿತೆಂಬುದು ಸಂತೋಷದ ವಿಷಯವೇ ಸರಿ. ಆದರೆ ಇದರಲ್ಲಿ ಬಹುಭಾಗವು ಹೊಸ ಭೂಮಿಯನ್ನು ಉತ್ತು ಬಂದದ್ದಲ್ಲ. ೧೯೭೦ರಿಂದೀಚೆಗೆ ದೇಶದ ನಿವ್ವಳ ಸಾಗುವಳಿಯ ಭೂಮಿಯು ೧೪ ಕೋಟಿ ಹೆಕ್ಟೇರುಗಳ ಆಸುಪಾಸಿನಲ್ಲಿಯೇ ನಿಂತುಬಿಟ್ಟಿದೆ. ಇದ್ದ ಭೂಮಿಯಲ್ಲಿಯೇ ನೀರು, ಗೊಬ್ಬರ, ಬೀಜ ಈ ಮೂರರ ಬಲದಿಂದ ಫಸಲನ್ನು ಏರಿಸಿದ್ದಾಯಿತು. ನಮ್ಮ ದಕ್ಷಿಣದ ಬಯಲುಸೀಮೆಯಲ್ಲಿ ಕೊಳವೆಬಾವಿಗಳ ನೀರು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಈ ಪತ್ರಿಕೆಯ ಓದುಗರು ತಮ್ಮ ಹೊಲದಲ್ಲಿಯೇ ಕಂಡಿದ್ದಾರೆ. ಗೊಬ್ಬರವನ್ನು ಒಂದು ಮಿತಿಯಾಚೆಗೆ ಹಾಕಿದರೆ ಪೈರು ಮಲಗುವುದೇ ಹೊರತು ತೆನೆ ದಪ್ಪವಾಗುವುದಿಲ್ಲ. ಆದಕಾರಣ ಇನ್ನು ಮುಂದಿನ ಏರಿಕೆಯಲ್ಲಿ ದೊಡ್ಡ ಪಾಲು ಬೀಜದಿಂದಲೇ ಬರಬೇಕಾಗಿದೆ.

ಬೀಜದ ಕೆಲಸವಾದರೋ ಈ ವರ್ಷ ಹಣ ಹಾಕಿ ಬರುವ ವರ್ಷ ಫಲ ಎತ್ತುವಂಥದಲ್ಲ. ಇಂದು ಪ್ರಯೋಗಕ್ಷೇತ್ರದಲ್ಲಿ ಎರಡು ತೆನೆಗಳನ್ನು ಕೂಡಿಸಿದರೆ ಅದರಿಂದ ಹುಟ್ಟಿದ ತಳಿಯು ರೈತನ ಕೂರಿಗೆಗೆ ಬರುವುದು ಹತ್ತು ಹನ್ನೆರಡು ವರ್ಷಗಳ ತರುವಾಯ. ಇದು ಏಕೆ ಹೀಗೆ, ಈ ದೀರ್ಘಕಾಲದ ಕೆಲಸದಲ್ಲಿ ಗ್ರಾಮದ ಮುಖಂಡರ ಪಾಲೇನು ಎಂಬುದನ್ನು ರಾಗಿಯೊಂದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ರಾಗಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ದೇಶದ ರಾಗಿಯಲ್ಲಿ ಅರ್ಧಕ್ಕೂ ಮಿಕ್ಕ ಪಾಲು ಕರ್ಣಾಟಕದ್ದು. ಅದರ ತಳಿಗಳ ಕೆಲಸವು ಒಂದು ಶತಮಾನದಿಂದ ನಮ್ಮ ನೆಲದಲ್ಲಿಯೇ, ಹೆಬ್ಬಾಳದಲ್ಲಿಯೂ ಮಂಡ್ಯದಲ್ಲಿಯೂ ನಡೆದು ಬಂದಿದೆ. ೧೯೫೦ರ ದಶಕದಲ್ಲಿ ದೇಶದಲ್ಲಿ ಸುಮಾರು ೨೨ ಲಕ್ಷ ಹೆಕ್ಟೇರುಗಳಲ್ಲಿ ರಾಗಿ ಬೆಳೆಯುತ್ತಿತ್ತು. ಈಚೆಗೆ ಆ ವಿಸ್ತೀರ್ಣವು ಹೆಚ್ಚುಕಡಮೆ ಅರ್ಧಕ್ಕೆ ಇಳಿದಿದೆ. ಹೀಗಿದ್ದರೂ ಒಟ್ಟು ಹುಟ್ಟುವಳಿಯು ಆ ಪ್ರಮಾಣದಲ್ಲಿ ಕುಸಿಯದೆ ನಿಂತದ್ದು ಹೆಕ್ಟೇರೊಂದರ ಫಸಲು ಇಮ್ಮಡಿಯಷ್ಟಾದುದರಿಂದ. ರಾಗಿಯು ಬಡವರ ಧಾನ್ಯ, ಅಕ್ಕಿ ಗೋಧಿ ಬಂದ ಮೇಲೆ ಅದಕ್ಕೆ ಬಾಳಿಲ್ಲ ಎಂದು ಕೆಲವರು ಹೇಳುತ್ತಿದ್ದ ಕಾಲವೊಂದಿತ್ತು. ಈಗ ಪಟ್ಟಣದವರು ಸಿಹಿಮೂತ್ರರೋಗದ ಭಯದಿಂದಲೋ ಸುಣ್ಣದ ಸತ್ವವನ್ನು ಬಯಸಿಯೋ ರಾಗಿಯನ್ನು ಹುಡುಕಿಕೊಂಡು ಬರುತ್ತಿದ್ದಾರೆ. ವಿಶ್ವಸಂಸ್ಥೆಯವರು ೨೦೨೩ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದರು. ಕೇಂದ್ರ ಸರ್ಕಾರದವರು ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆಯು ೨೦೨೫-೨೬ನೆಯ ಸಾಲಿಗೆ ಕ್ವಿಂಟಲಿಗೆ ೪,೮೮೬ ರೂಪಾಯಿ. ಬೇಡಿಕೆಯು ಬಂದಿದೆ, ಭೂಮಿಯು ಹಿಂದಕ್ಕೆ ಬರಲಾರದು. ತೋಟಕ್ಕೆ, ನೀಲಗಿರಿಗೆ, ಮನೆಯ ನಿವೇಶನಕ್ಕೆ ಹೋದ ರಾಗಿಯ ಹೊಲವು ಮತ್ತೆ ರಾಗಿಗೆ ಸಿಕ್ಕುವುದು ಅಪರೂಪ.

ಆಯ್ಕೆಯ ಕಾಲ

ಧಾತು, ಈಶ್ವರ ಸಂವತ್ಸರಗಳ ಕ್ಷಾಮವನ್ನು, ಎಂದರೆ ೧೮೭೬-೭೮ರ ಘೋರವನ್ನು, ಹಿಂದಿನವರು ಮನೆಮನೆಯಲ್ಲಿ ಹೇಳಿಕೊಳ್ಳುತ್ತಿದ್ದರು. ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ರಾಗಿಯಿದ್ದವರು ಬದುಕಿದರು, ಇಲ್ಲದವರು ಊರು ಬಿಟ್ಟರು. ವ್ಯವಸಾಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಬೇಕೆಂಬ ವಿಚಾರವು ಇಂಥ ಅನುಭವಗಳ ಬೆನ್ನಿನಲ್ಲಿ ಬಲವಾಯಿತು. ೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ಪ್ರಯೋಗಕ್ಷೇತ್ರಕ್ಕೆಂದು ದಯಪಾಲಿಸಿದರು. ೧೯೧೩ರಲ್ಲಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯು ಏರ್ಪಟ್ಟು, ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ನರು ಅದರ ಮೊದಲನೆಯ ಡೈರೆಕ್ಟರರಾದರು. ಮೈಸೂರು ಸೀಮೆಯ ರಾಗಿ ಬೇಸಾಯವನ್ನು ಕುರಿತು ಅವರು ಬರೆದ ಗ್ರಂಥವು ೧೯೨೦ರಲ್ಲಿ ಇಲಾಖೆಯಿಂದ ಪ್ರಕಟವಾಯಿತು.

ಆಗ ನಮ್ಮ ಹೊಲಗಳಲ್ಲಿ ಹುಲ್ಲುಬಿಳಿ, ಕರಿಗಿಡ್ಡ, ಹಸಿರುಕಂಬಿ, ಮಜ್ಜಿಗೆ, ರುದ್ರಜಡೆ, ಜೇನುಮುದ್ದೆ ಮೊದಲಾದ ಹೆಸರುಗಳ ನಾನಾ ಬಗೆಯ ರಾಗಿಗಳಿದ್ದುವು. ಒಂದು ಹೆಸರಿನ ರಾಗಿಯೆಂದರೆ ಒಂದೇ ಜಾತಿಯೆಂದು ತಿಳಿಯಕೂಡದು. ತೆನೆ ಮುಚ್ಚಿದ್ದು, ತೆರೆದದ್ದು, ಬೇಗ ಬರುವುದು, ನಿಧಾನವಾಗಿ ಬರುವುದು ಎಲ್ಲವೂ ಒಂದೇ ಹೊಲದಲ್ಲಿ ಬೆರೆತು ನಿಂತಿರುತ್ತಿದ್ದುವು. ಇಲಾಖೆಯವರು ಮೊದಲು ಮಾಡಿದ ಕೆಲಸವು ಈ ಬೆರಕೆಯಲ್ಲಿ ಒಳ್ಳೆಯ ಗಿಡಗಳನ್ನು ಒಂದೊಂದಾಗಿ ಆರಿಸಿ, ಒಂದು ಗಿಡದ ಕಾಳನ್ನು ಒಂದು ಸಾಲಿನಲ್ಲಿ ಬಿತ್ತಿ, ಸಾಲಿಗೆ ಸಾಲನ್ನು ಹೋಲಿಸಿ, ಮೇಲಾದುದನ್ನು ಮಾತ್ರ ಉಳಿಸಿಕೊಂಡದ್ದು. ಹೆಬ್ಬಾಳದ ಎಚ್-೨೨ ಈ ರೀತಿಯ ಆಯ್ಕೆಯಿಂದ ಬಂದದ್ದು. ರಾಗಿಯು ತನ್ನ ಪರಾಗದಿಂದಲೇ ತಾನು ಫಲಿಸುವ ಬೆಳೆಯಾದುದರಿಂದ ಹೀಗೆ ಆರಿಸಿದ ಗಿಡದ ಸಂತತಿಯು ಬಹುಮಟ್ಟಿಗೆ ತಾಯಿಯಂತೆಯೇ ಬರುವುದು. ಇದು ಆಯ್ಕೆಗೆ ದೊಡ್ಡ ಅನುಕೂಲ.

ಆದರೆ ಆಯ್ಕೆಗೆ ಒಂದು ಕೊನೆಯುಂಟು. ಕಣಜದಲ್ಲಿ ಇದ್ದ ಒಳ್ಳೆಯ ಕಾಳನ್ನು ಆರಿಸಬಹುದಲ್ಲದೆ ಇಲ್ಲದ ಗುಣವನ್ನು ಆರಿಸಲಾಗುವುದಿಲ್ಲ. ಒಂದರಲ್ಲಿ ತೆನೆ ದೊಡ್ಡದು, ಇನ್ನೊಂದರಲ್ಲಿ ತೆಂಡೆ ಹೆಚ್ಚು, ಮತ್ತೊಂದಕ್ಕೆ ರೋಗವಿಲ್ಲ. ಈ ಮೂರನ್ನೂ ಒಂದೇ ಗಿಡದಲ್ಲಿ ಕಾಣಬೇಕಾದರೆ ಅವುಗಳನ್ನು ಕೂಡಿಸಬೇಕು, ಎಂದರೆ ಸಂಕರ ಮಾಡಬೇಕು.

ಸಂಕರದ ಕಷ್ಟ

ಮೆಕ್ಕೆಜೋಳದಲ್ಲಿ ಗಂಡು ಹೂವು ಗಿಡದ ತಲೆಯಲ್ಲಿ, ಹೆಣ್ಣು ಹೂವು ನಡುವಿನಲ್ಲಿ ಇರುವುದರಿಂದ ಮೇಲಿನದನ್ನು ಕಿತ್ತುಹಾಕಿ ಬೇರೊಂದು ಗಿಡದ ಪರಾಗವನ್ನು ತಾಕಿಸುವುದು ಮಕ್ಕಳ ಕೈಯಲ್ಲಿಯೂ ಆಗುವ ಕೆಲಸ. ರಾಗಿಯಲ್ಲಿ ಹಾಗಲ್ಲ. ತೆನೆಯ ಬೆರಳುಗಳ, ಎಂದರೆ ಇಲುಕುಗಳ ಮೇಲೆ ಸಾಲಾಗಿ ಕುಳಿತ ಹೂಗೊಂಚಲುಗಳಲ್ಲಿ ಒಂದೊಂದರಲ್ಲಿಯೂ ಐದಾರು ಏಳೆಂಟು ಹೂಗಳು. ಒಂದೊಂದು ಹೂವೂ ಬಹು ಸಣ್ಣದು. ಅದರೊಳಗೆ ಗಂಡೂ ಹೆಣ್ಣೂ ಒಟ್ಟಿಗಿರುವುವು. ಹೂವು ಬಿರಿಯುವುದು ನಡುರಾತ್ರಿ ಕಳೆದು ಬೆಳಗಿನ ಜಾವದೊಳಗೆ. ಬಿರಿಯುವ ಹೊತ್ತಿಗೇ ತನ್ನ ಪರಾಗವು ತನಗೆ ತಗುಲಿ ಫಲ ಕಟ್ಟಿರುವುದು. ಬಯಲಿನಲ್ಲಿ ತಾನಾಗಿ ಬೇರೆ ಗಿಡದ ಪರಾಗ ತಾಕಿ ಫಲಿಸುವುದು ನೂರಕ್ಕೆ ಒಂದರಷ್ಟು ಮಾತ್ರ.

ಕೊಯಮತ್ತೂರಿನಲ್ಲಿ ಕಿರುಧಾನ್ಯಗಳ ತಜ್ಞರಾಗಿದ್ದ ಜಿ. ಎನ್. ರಂಗಸ್ವಾಮಿ ಅಯ್ಯಂಗಾರ್ಯರು ೧೯೩೦ರ ದಶಕದಲ್ಲಿ ಇದಕ್ಕೊಂದು ಸುಲಭೋಪಾಯವನ್ನು ಬಳಕೆಗೆ ತಂದರು. ಹೂ ಬಿಡುವ ಮುಂಚೆ ಎರಡು ಜಾತಿಗಳ ತೆನೆಗಳನ್ನು ಒಂದಕ್ಕೊಂದು ಒತ್ತಿ ಕಟ್ಟಿ ಕಾಗದದ ಚೀಲವನ್ನು ಮುಚ್ಚಿಬಿಡುವುದು. ತಾಯಿ ಗಿಡವನ್ನು ಹಸಿರು ಬಣ್ಣದ್ದಾಗಿಯೂ ತಂದೆ ಗಿಡವನ್ನು ನೇರಳೆ ಬಣ್ಣದ್ದಾಗಿಯೂ ಆರಿಸಿಕೊಳ್ಳಬೇಕು. ತಾಯಿ ತೆನೆಯ ಕಾಳುಗಳನ್ನು ಬಿತ್ತಿದಾಗ ಸಾವಿರಾರು ಸಸಿಗಳು ಹಸಿರಾಗಿಯೇ ಬರುವುವು. ಅವು ತಾಯಿಯ ಸ್ವಂತ ಸಂತಾನ, ಕಿತ್ತೆಸೆಯಬೇಕು. ನಡುನಡುವೆ ಒಂದೋ ಎರಡೋ ಸಸಿಗಳ ಗಿಣ್ಣಿನಲ್ಲಿ ನೇರಳೆ ಬಣ್ಣವು ಕಾಣುವುದು. ನೇರಳೆ ಬಣ್ಣವು ಹಸಿರಿನ ಮೇಲೆ ಮೇಲುಗೈಯಾಗುವ ಗುಣವಾದುದರಿಂದ, ಆ ಸಸಿಗಳೇ ಸಂಕರವೆಂದು ನಿಶ್ಚಯವಾಗುವುದು. ಬಿಸಿನೀರಿನಲ್ಲಿ ತೆನೆಯನ್ನು ಅದ್ದಿ ಗಂಡು ಭಾಗವನ್ನು ಮಾತ್ರ ಕೆಡಿಸುವ ಕ್ರಮವೂ ಆಮೇಲೆ ಬಂದಿತು. ಆದರೂ ಕಣ್ಣು, ಕೈ, ತಾಳ್ಮೆ ಈ ಮೂರರ ಕೆಲಸ ಇಂದಿಗೂ ತಪ್ಪಿಲ್ಲ.

ಇಷ್ಟು ಮಾಡಿ ಪಡೆದ ಸಂಕರದ ಗಿಡವು ತಳಿಯಲ್ಲ, ತಳಿಯ ಆರಂಭ. ಅದರ ಕಾಳುಗಳನ್ನು ಬಿತ್ತಿದರೆ ಎರಡನೆಯ ತಲೆಮಾರಿನಲ್ಲಿ ಅಜ್ಜ ಅಜ್ಜಿಯರ ಗುಣಗಳೆಲ್ಲವೂ ಚದರಿ ನಾನಾ ಬಗೆಯಾಗಿ ಕಾಣಿಸಿಕೊಳ್ಳುವುವು. ತಂದೆ ತಾಯಿಗಳಲ್ಲಿ ಭಿನ್ನವಾಗಿದ್ದ ಗುಣಗಳ ಪೈಕಿ ಎರಡನೆಯ ತಲೆಮಾರಿನಲ್ಲಿ ಸರಾಸರಿ ಅರ್ಧ, ಮೂರನೆಯದರಲ್ಲಿ ಕಾಲು, ನಾಲ್ಕನೆಯದರಲ್ಲಿ ಅರೆಕಾಲು ಇನ್ನೂ ಸ್ಥಿರವಾಗದೆ ಉಳಿದಿರುವುವು. ಏಳನೆಯ ತಲೆಮಾರಿನ ಹೊತ್ತಿಗೆ ನೂರಕ್ಕೆ ಒಂದೂವರೆಯಷ್ಟು ಮಾತ್ರ ಅಸ್ಥಿರವಾಗಿರುವುದು. ಅಲ್ಲಿಯವರೆಗೆ ಪ್ರತಿ ತಲೆಮಾರಿನಲ್ಲಿಯೂ ಸಾವಿರ ಗಿಡಗಳನ್ನು ನೋಡಿ ಹತ್ತನ್ನು ಇಟ್ಟುಕೊಂಡು ಉಳಿದುದನ್ನು ಬಿಡಬೇಕು. ಮುಂಗಾರಿನದೊಂದು, ನೀರಾವರಿಯಲ್ಲಿ ಬೇಸಗೆಯದೊಂದು ಹೀಗೆ ವರ್ಷಕ್ಕೆ ಎರಡು ತಲೆಮಾರುಗಳನ್ನು ತೆಗೆದರೂ ನಾಲ್ಕು ವರ್ಷಗಳಾಗುವುವು. ಅನಂತರ ಪ್ರಯೋಗಕ್ಷೇತ್ರದಲ್ಲಿ ಎರಡು ಮೂರು ವರ್ಷ, ಬೇರೆಬೇರೆ ಜಿಲ್ಲೆಗಳ ಕ್ಷೇತ್ರಗಳಲ್ಲಿ ಮೂರು ವರ್ಷ, ರೈತರ ಹೊಲಗಳಲ್ಲಿ ಒಂದೆರಡು ವರ್ಷ ಪರೀಕ್ಷೆಯಾಗಬೇಕು. ಮಳೆ ಕೆಟ್ಟ ವರ್ಷವೊಂದು, ರೋಗ ಬಂದ ವರ್ಷವೊಂದು ಪರೀಕ್ಷೆಯಲ್ಲಿ ಸೇರದಿದ್ದರೆ ಆ ಪರೀಕ್ಷೆಯೇ ಅಪೂರ್ಣವೆಂದು ನಮ್ಮ ಅಭಿಪ್ರಾಯ. "ಹೊಸ ಬೀಜ ಎಂದು ಬರುತ್ತದೆ ಸ್ವಾಮಿ?" ಎಂದು ಸಂತೆಯಲ್ಲಿ ಕೇಳುವ ಯಜಮಾನರಿಗೆ ಇಲಾಖೆಯವರು ಮಾತು ತಪ್ಪಿಸುತ್ತಾರೆಂಬ ಭಾವನೆ ಬಾರದಿರಲೆಂದು ಇಷ್ಟು ವಿಸ್ತಾರವಾಗಿ ಬರೆಯಬೇಕಾಯಿತು.

ಇಂಡಾಫ್ ತಳಿಗಳೂ ಬೆಂಕಿರೋಗವೂ

ಮಂಡ್ಯದ ಬಳಿಯ ವಿಶ್ವೇಶ್ವರಯ್ಯ ಕಾಲುವೆ ಫಾರಂ ೧೯೩೧ರಲ್ಲಿ ಆರಂಭವಾಯಿತು. ಅಲ್ಲಿ ದುಡಿದ ಸಿ. ಎಚ್. ಲಕ್ಷ್ಮಣಯ್ಯನವರ ಹೆಸರನ್ನು ರಾಗಿ ಲಕ್ಷ್ಮಣಯ್ಯನೆಂದೇ ರೈತರು ಬಲ್ಲರು. ೧೯೫೦, ೬೦ರ ದಶಕಗಳಲ್ಲಿ ಅವರು ನಾಡ ರಾಗಿಗಳನ್ನೇ ಒಂದಕ್ಕೊಂದು ಸಂಕರ ಮಾಡಿ ಅರುಣ, ಉದಯ, ಪೂರ್ಣ, ಕಾವೇರಿ, ಶಕ್ತಿ, ಅನ್ನಪೂರ್ಣ ಮೊದಲಾದ ತಳಿಗಳನ್ನು ಹೊರತಂದರು. ಇವುಗಳಿಂದ ಫಸಲು ತಕ್ಕಮಟ್ಟಿಗೆ ಏರಿತು. ಆದರೆ ನಾಡ ರಾಗಿಗಳೆಲ್ಲ ಒಂದೇ ಬಳಗದವಾದುದರಿಂದ ಏರಿಕೆಯು ಒಂದು ಹಂತದಲ್ಲಿ ನಿಂತಿತು.

ರಾಗಿಯ ತೌರುಮನೆಯು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ದೇಶಕ್ಕೆ ಬಂದು ನೆಲೆಸಿದ ರಾಗಿಯು ಇಲ್ಲಿಯ ಮಳೆ ಬಿಸಿಲುಗಳಿಗೆ ಹೊಂದಿಕೊಂಡು ಬೇರೆಯೇ ಆಯಿತು. ಅಲ್ಲಿ ಉಳಿದದ್ದು ಇನ್ನೊಂದು ರೀತಿಯಲ್ಲಿ ಬೆಳೆಯಿತು. ಆಫ್ರಿಕದ ರಾಗಿಯ ದಂಟು ದಪ್ಪ, ತೆನೆ ದೊಡ್ಡದು, ಕಾಳು ತೂಕವಾದದ್ದು, ಹಲವಕ್ಕೆ ಬೆಂಕಿರೋಗವು ತಗುಲದು. ಆದರೆ ತೆಂಡೆ ಕಡಮೆ, ಬಹಳ ನಿಧಾನವಾಗಿ ಮಾಗುವುದು. ನಮ್ಮದು ಬೇಗ ಬರುವುದು, ತೆಂಡೆ ಹೆಚ್ಚು, ತೆನೆ ಸಣ್ಣದು. ಲಕ್ಷ್ಮಣಯ್ಯನವರು ಇವೆರಡನ್ನೂ ಕೂಡಿಸಿ ತೆಗೆದ ತಳಿಗಳಿಗೆ ಇಂಡಿಯಾ, ಆಫ್ರಿಕ ಎಂಬ ಹೆಸರುಗಳ ಮೊದಲಕ್ಷರಗಳಿಂದ ಇಂಡಾಫ್ ಎಂದು ಹೆಸರಾಯಿತು. ೧೯೭೦ರ ದಶಕದಿಂದ ಈ ತಳಿಗಳು ಒಂದರ ಹಿಂದೆ ಒಂದು ರೈತರ ಕೈಸೇರಿದುವು: ದೀರ್ಘಾವಧಿಯ ಇಂಡಾಫ್-೮, ಮಧ್ಯಮದ ಇಂಡಾಫ್-೫, ಬೇಗ ಬರುವ ಇಂಡಾಫ್-೯. ಹೊಲದಲ್ಲಿ ಮುಷ್ಟಿಯಂತೆ ಬಿಗಿದ ತೆನೆಗಳನ್ನು ಕಂಡ ಹಿರಿಯರು ಇದು ರಾಗಿಯೇ ಹೌದೋ ಎಂದು ಸೋಜಿಗಪಟ್ಟದ್ದನ್ನು ಅನೇಕರು ಇನ್ನೂ ನೆನೆಯುತ್ತಾರೆ.

ಆದರೆ ತಳಿಯೆಂಬುದು ಒಮ್ಮೆ ಗೆದ್ದು ಶಾಶ್ವತವಾಗಿ ಉಳಿಯುವ ಕೋಟೆಯಲ್ಲ. ಇಂಡಾಫ್-೫ ಬೆಂಕಿರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಯೆಂಬುದು ಅನುಭವದಲ್ಲಿ ತಿಳಿಯಿತು. ಈ ರೋಗವು ಒಂದು ಬಗೆಯ ಬೂಷ್ಟಿನಿಂದ ಬರುವುದು. ಸಸಿಯ ಎಲೆಯಲ್ಲಿ ಕದಿರಿನಾಕಾರದ ಮಚ್ಚೆಗಳಾಗಿ ಮೊದಲಾಗಿ, ತೆನೆಯ ಕುತ್ತಿಗೆಗೆ ಹತ್ತಿದರೆ ಅಲ್ಲಿಯೇ ಕಪ್ಪಾಗಿ ತೆನೆ ಬಾಗಿ ಜೊಳ್ಳಾಗುವುದು. ಇಲುಕಿಗೆ ಹತ್ತಿದರೆ ಇಲುಕಿನ ತುದಿಯಿಂದ ಒಣಗುತ್ತ ಬರುವುದು. ಮೋಡ, ಮಂಜು, ತುಂತುರು ಮಳೆ ಹಿಡಿದ ಹಸ್ತ ಚಿತ್ತೆಯ ದಿನಗಳಲ್ಲಿ ಹೂವಿಗೆ ಬಂದ ಹೊಲವು ಒಂದೆರಡು ವಾರಗಳಲ್ಲಿ ಕೆಡುವುದನ್ನು ನೋಡದ ರೈತನಿಲ್ಲ. ಮಳೆಯಾಶ್ರಯದ ರಾಗಿಗೆ ಔಷಧ ಹೊಡೆಯುವುದು ಲಾಭವಾಗುವುದು ವಿರಳ. ಆದುದರಿಂದ ರೋಗವನ್ನು ತಡೆಯುವ ಗುಣವು ಬೀಜದೊಳಗೇ ಇರಬೇಕು.

ಆ ಗುಣವು ಸಿಕ್ಕಿದ ಬಗೆಯನ್ನು ಓದುಗರು ಗಮನವಿಟ್ಟು ನೋಡಬೇಕು. ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ದೇಶದ ಸಣ್ಣ ಧಾನ್ಯಗಳ ಯೋಜನೆಯವರು, ಸಂಗ್ರಹದಲ್ಲಿದ್ದ ಐಇ-೧೦೧೨ ಎಂಬ ಸಂಖ್ಯೆಯ ರಾಗಿಯನ್ನು ಇಂಡಾಫ್-೯ರೊಡನೆ ಕೂಡಿಸಿದರು. ಅದರಿಂದ ಬಂದುದನ್ನು ಮತ್ತೆ ಇಂಡಾಫ್-೫ರೊಡನೆ ಕೂಡಿಸಿದರು. ಇದರ ಸಂತತಿಯಲ್ಲಿ ಆರಿಸಿದುದೇ ಜಿಪಿಯು-೨೮. ೧೯೯೦ರ ದಶಕದ ಉತ್ತರಾರ್ಧದಲ್ಲಿ ಹೊರಬಂದ ಈ ತಳಿಯು ಬೆಂಕಿರೋಗವನ್ನು ತಡೆದುಕೊಂಡು ಇಂಡಾಫ್-೫ರ ಸ್ಥಾನವನ್ನು ಆಕ್ರಮಿಸಿ, ದಕ್ಷಿಣ ಕರ್ಣಾಟಕದ ಹೊಲಗಳಲ್ಲಿ ಬಹು ವ್ಯಾಪಕವಾಗಿ ಹರಡಿತು. ಆಮೇಲೆ ಬಂದ ಎಂಎಲ್-೩೬೫ರಲ್ಲಿಯೂ ಅದೇ ಐಇ-೧೦೧೨ರ ರಕ್ತವಿದೆ; ಎಲ್-೫ ಎಂಬುದರ ತಾಯಿಯು ಆಫ್ರಿಕದ ಮಲಾವಿ ದೇಶದ್ದು. ಬೆಲೆಯಿಲ್ಲದ ಒಂದು ಹಿಡಿ ಕಾಳು ಸಂಗ್ರಹದ ಡಬ್ಬಿಯಲ್ಲಿ ಕೇವಲ ಒಂದು ಸಂಖ್ಯೆಯಾಗಿ ಕುಳಿತಿತ್ತು. ಯಾರೋ ಅದನ್ನು ಎಸೆದಿದ್ದರೆ ಕೇಳುವವರಿರಲಿಲ್ಲ. ಬೇಕಾದ ದಿನ ಬಂದಾಗ ಅದು ಲಕ್ಷಾಂತರ ಎಕರೆಗಳ ರಾಗಿಯನ್ನು ಕಾಪಾಡಿತು.

ಒಂದೇ ತಳಿಯ ಅಪಾಯ

ಈಗ ನಮಗೆ ಹಿಡಿದಿರುವ ಚಿಂತೆಯು ಇನ್ನೊಂದು. ಒಳ್ಳೆಯ ತಳಿಯೊಂದು ಬಂದಾಗ ಎಲ್ಲರೂ ಅದನ್ನೇ ಬಿತ್ತುವುದು ಸಹಜ; ಇಲಾಖೆಯವರೂ ಅದನ್ನೇ ಹೇಳುವರು. ಹೋಬಳಿಯ ಉದ್ದಕ್ಕೂ ಒಂದೇ ತಳಿ ನಿಂತಿರುವಾಗ, ಅದನ್ನು ಮುರಿಯಬಲ್ಲ ಹೊಸ ರೂಪದ ರೋಗವೊಂದು ಹುಟ್ಟಿದರೆ ಅದಕ್ಕೆ ಅಡ್ಡಿಯೇ ಇರುವುದಿಲ್ಲ. ಇದು ಬರಿಯ ಊಹೆಯಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೭೦ನೆಯ ಇಸವಿಯಲ್ಲಿ ಮೆಕ್ಕೆಜೋಳದ ಬಹುಪಾಲು ಸಂಕರ ಬೀಜವು ಟೆಕ್ಸಾಸ್ ಎಂಬ ಒಂದೇ ತಾಯಿಯ ವಂಶದ್ದಾಗಿದ್ದಿತು. ಆ ವಂಶವನ್ನೇ ಹುಡುಕಿಕೊಂಡು ಬಂದಂತೆ ಎಲೆಯ ರೋಗವೊಂದು ಹರಡಿ ಆ ವರ್ಷದ ಬೆಳೆಯಲ್ಲಿ ನೂರಕ್ಕೆ ೧೫ರಷ್ಟು ಹಾಳಾಯಿತು. ನಮ್ಮ ದೇಶದಲ್ಲಿಯೇ ೧೯೬೫ರಲ್ಲಿ ಎಚ್‌ಬಿ-೧ ಎಂಬ ಸಂಕರ ಸಜ್ಜೆಯು ಬಂದು ಫಸಲನ್ನು ಬಹಳವಾಗಿ ಏರಿಸಿತು. ಅದೂ ಅದರ ಹಿಂದೆ ಬಂದ ಸಂಕರಗಳೂ ಅಮೆರಿಕದಿಂದ ತಂದ ಒಂದೇ ತಾಯಿಯ ಮಕ್ಕಳಾಗಿದ್ದುವು. ೧೯೭೦ರ ದಶಕದ ಆದಿಯಿಂದ ಕೇದಿಗೆ ರೋಗವು ಅವುಗಳನ್ನು ಹಿಡಿದು, ತೆನೆಯ ಸ್ಥಾನದಲ್ಲಿ ಎಲೆಗಳ ಗೊಂಚಲು ಬರುವಂತೆ ಮಾಡಿತು. ಹೊಸ ತಾಯಿಗಳನ್ನು ಹುಡುಕಿ ಮತ್ತೆ ಕಟ್ಟಿಕೊಳ್ಳಲು ವರ್ಷಗಳೇ ಹಿಡಿದುವು.

ಆದಕಾರಣ ಒಂದು ಗ್ರಾಮದಲ್ಲಿ ಕಡಮೆಯೆಂದರೆ ಎರಡು ಮೂರು ತಳಿಗಳಾದರೂ ಇರುವಂತೆ ಯಜಮಾನರು ನೋಡಿಕೊಳ್ಳುವುದು ಒಳ್ಳೆಯದು. ಇದರಿಂದ ಮಳೆಯ ವಿಷಯದಲ್ಲಿಯೂ ರಕ್ಷಣೆಯುಂಟು. ಆರಿದ್ರೆ, ಪುನರ್ವಸು ಮಳೆಗಳು ಸಕಾಲದಲ್ಲಿ ಆದರೆ ದೀರ್ಘಾವಧಿಯ ತಳಿ. ಪುಷ್ಯ, ಆಶ್ಲೇಷಕ್ಕೆ ಮುಂದೆ ಹೋದರೆ ಜಿಪಿಯು-೨೮ರಂಥ ಮಧ್ಯಮಾವಧಿಯದು. ಮಖೆಗೂ ಮುಂದಾದರೆ ನೂರು ದಿನಗಳೊಳಗೆ ಬರುವಂಥದು. ದೀರ್ಘಾವಧಿಯ ಬೀಜವೊಂದನ್ನೇ ಮನೆಯಲ್ಲಿ ಇಟ್ಟುಕೊಂಡು ಆಗಸ್ಟಿನ ಮಳೆಗೆ ಬಿತ್ತಿದವನು ತೆನೆ ಹಾಲುಗಟ್ಟುವ ಹೊತ್ತಿಗೆ ಆಕಾಶವನ್ನು ನೋಡಬೇಕಾಗುವುದು. ಮುಂಗಾರು ಹೊತ್ತು ತಪ್ಪುವುದು ಈಚಿನ ವರ್ಷಗಳಲ್ಲಿ ಅಪರೂಪವಲ್ಲ. ಆದುದರಿಂದ ತಳಿ ತೆಗೆಯುವವರ ಮುಂದಿನ ಹತ್ತು ಹದಿನೈದು ವರ್ಷಗಳ ಲೆಕ್ಕದಲ್ಲಿ ಅಲ್ಪಾವಧಿಯ ತಳಿಗಳಿಗೆ ಹೆಚ್ಚಿನ ಸ್ಥಾನವಿರಬೇಕೆಂದು ಹೇಳಬಯಸುತ್ತೇವೆ.

ಹುಲ್ಲಿನ ವಿಚಾರವನ್ನೂ ಇಲ್ಲಿ ಹೇಳದೆ ಬಿಡಲಾಗದು. ಕಾಳಿನ ತೂಕವೊಂದನ್ನೇ ಹಿಡಿದು ತಳಿಯ ಬೆಲೆ ಕಟ್ಟುವುದು ವಿದ್ವಾಂಸರಲ್ಲಿ ಬಹುಕಾಲದಿಂದ ಬಂದ ದೋಷ. "ಕಾಳು ನಮಗಾಯಿತು, ದನಕ್ಕೇನು ಸ್ವಾಮಿ?" ಎಂದು ರೈತನು ಕೇಳುವುದು ನ್ಯಾಯವಾಗಿದೆ. ರಾಗಿಯ ಹುಲ್ಲು ಭತ್ತದ ಹುಲ್ಲಿಗಿಂತ ಮೇಲಾದ ಮೇವು. ಹಾಲಿನ ಸಂಘಕ್ಕೆ ಹಾಲು ಹಾಕುವ ಮನೆಗೆ ಅದರ ಬೆಲೆ ಕಾಳಿನ ಬೆಲೆಗೆ ಸಮೀಪಿಸುವುದೂ ಉಂಟು. ಹಿಂಗಾರಿ ಜೋಳದಲ್ಲಿ ಮೋಹೋಳ ಕ್ಷೇತ್ರದಲ್ಲಿ ೧೯೩೦ರ ದಶಕದಲ್ಲಿ ಆರಿಸಿದ ಎಂ ೩೫-೧ ಎಂಬ ಮಾಲದಂಡಿ ಜೋಳವು ವಿಜಯಪುರದ ಕಡೆಯ ಎರೆಭೂಮಿಯಲ್ಲಿ ಇಂದಿಗೂ ಕದಲದೆ ನಿಂತಿರುವುದಕ್ಕೆ ಅದರ ರೊಟ್ಟಿಯ ರುಚಿಯೂ ಸೊಪ್ಪೆಯ ಸೊಗಸೂ ಕಾರಣ. ಹೆಚ್ಚು ಕಾಳು ಕೊಡುವ ಸಂಕರಗಳು ಬಂದರೂ ರೈತರು ಅದನ್ನು ಬಿಡಲಿಲ್ಲ. ರಾಗಿಯ ತಳಿಗಾರರು ಇದನ್ನು ಮರೆಯಬಾರದು. ಇನ್ನು ಕಟಾವಿನ ಯಂತ್ರಗಳು ಬಂದಿರುವುದರಿಂದ ಪೈರು ಮಲಗದೆ, ತೆನೆಗಳು ಒಮ್ಮೆಗೇ ಮಾಗುವಂತೆ ಇರಬೇಕೆಂಬ ಬೇಡಿಕೆಯೂ ಹೊಸದಾಗಿ ಸೇರಿದೆ. ಎತ್ತರದ ಹುಲ್ಲೂ ಬೇಕು, ಮಲಗಲೂ ಕೂಡದು ಎಂದರೆ ದಂಟು ಗಟ್ಟಿಯಾಗಿರಬೇಕು. ಆಫ್ರಿಕದ ರಾಗಿಯ ಕಡೆಗೆ ಮತ್ತೆ ನೋಡಬೇಕಾಗುವುದು ಇಂಥ ಕಾರಣಗಳಿಂದಲೇ.

ಯಜಮಾನರು ಮಾಡಬೇಕಾದದ್ದು

ರಾಗಿಯ ಬೀಜವನ್ನು ಹೆಚ್ಚಿಸುವುದು ಬಹಳ ಸುಲಭ. ಒಂದು ಕಿಲೋಗ್ರಾಮಿನಲ್ಲಿ ಮೂರು ಲಕ್ಷಕ್ಕೂ ಮೇಲ್ಪಟ್ಟು ಕಾಳುಗಳಿರುವುವು. ಕೂರಿಗೆಯಿಂದ ಬಿತ್ತಿದರೆ ಎಕರೆಗೆ ೪ ಕಿಲೋಗ್ರಾಮಿನಷ್ಟು ಬೀಜ ಸಾಕು; ಪೈರು ನಾಟಿ ಮಾಡಿದರೆ ಅದರಲ್ಲಿ ಅರ್ಧವೇ ಸಾಕು. ಎಕರೆಗೆ ೮ ಕ್ವಿಂಟಲು ಬೀಜ ಬಂದಿತೆಂದು ಲೆಕ್ಕ ಹಿಡಿದರೆ ಒಂದು ಎಕರೆಯ ಬೀಜವು ಮರುವರ್ಷ ೨೦೦ ಎಕರೆಗೂ, ಅದರ ಮರುವರ್ಷ ೪೦,೦೦೦ ಎಕರೆಗೂ ಆಗುವುದು. ಕಡಲೆಕಾಯಿಯಲ್ಲಾದರೆ ಎಕರೆಗೆ ೪೦-೫೦ ಕಿಲೋಗ್ರಾಮು ಬೀಜ ಬೇಕಾಗಿ, ಒಂದು ವರ್ಷದಲ್ಲಿ ಹತ್ತು ಮಡಿಯಾಗುವುದೂ ಕಷ್ಟ. ಎಂದಮೇಲೆ ಗ್ರಾಮದಲ್ಲಿ ಒಬ್ಬ ಜಮೀನುದಾರರು ಒಂದೇ ಎಕರೆಯನ್ನು ಬೀಜಕ್ಕಾಗಿ ಮುಡಿಪಿಟ್ಟರೆ ಊರಿನ ಬೀಜವೆಲ್ಲ ಅಲ್ಲಿಯೇ ಸಿಕ್ಕುವುದು. ಸಂಕರ ಮೆಕ್ಕೆಜೋಳದಂತೆ ಪ್ರತಿವರ್ಷವೂ ಅಂಗ್ಡಿಯಿಂದ ಕೊಳ್ಳಬೇಕಾದದ್ದಲ್ಲ; ರಾಗಿಯ ತಳಿಯು ತನ್ನಂತೆಯೇ ಹುಟ್ಟುವುದು. ಮೂರು ನಾಲ್ಕು ವರ್ಷಕ್ಕೊಮ್ಮೆ ಹೋಬಳಿಯ ರೈತ ಸಂಪರ್ಕ ಕೇಂದ್ರದಿಂದ ಹೊಸದಾಗಿ ದೃಢೀಕರಿಸಿದ ಬೀಜವನ್ನು ತಂದು ಬದಲಾಯಿಸಿದರೆ ಸಾಕು.

ಬೀಜದ ಹೊಲವನ್ನು ಸುತ್ತಲ ಬೇರೆ ರಾಗಿಯಿಂದ ೩ ಮೀಟರು ದೂರವಿಡಬೇಕು. ಹೂ ಬಿಡುವಾಗ ಒಮ್ಮೆ, ತೆನೆ ಮಾಗುವಾಗ ಇನ್ನೊಮ್ಮೆ ಹೊಲದಲ್ಲಿ ಅಡ್ಡಾಡಿ ಎತ್ತರ, ಬಣ್ಣ, ತೆನೆಯ ಆಕಾರಗಳಲ್ಲಿ ಭಿನ್ನವಾದ ಗಿಡಗಳನ್ನು ಬೇರುಸಹಿತ ಕಿತ್ತುಹಾಕಬೇಕು. ಬೆರಕೆಯಾಗುವುದು ಹೊಲಕ್ಕಿಂತ ಹೆಚ್ಚಾಗಿ ಕಣದಲ್ಲಿಯೇ. ಬಾಡಿಗೆಗೆ ಬರುವ ಒಕ್ಕುವ ಯಂತ್ರವು ಹಿಂದಿನ ಊರಿನ ರಾಗಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಬರುವುದು. ಅದರಲ್ಲಿ ಬಂದ ಮೊದಲ ಒಂದೆರಡು ಮೂಟೆಗಳನ್ನು ಮನೆಯ ಖರ್ಚಿಗೆ ತೆಗೆದಿಟ್ಟು, ಆಮೇಲಿನದನ್ನು ಮಾತ್ರ ಬೀಜಕ್ಕೆ ಇಡಬೇಕು. ಬಿತ್ತುವ ಒಂದು ತಿಂಗಳು ಮೊದಲು ನೂರು ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳೆತುದನ್ನು ಲೆಕ್ಕ ಮಾಡಬೇಕು. ೭೫ಕ್ಕೆ ಕಡಮೆಯಾದರೆ ಅದು ಬೀಜವಲ್ಲ, ಅಡಿಗೆಯ ಧಾನ್ಯ.

ಸರ್ಕಾರದ ತಳಿಯ ಬೀಜವನ್ನು ರೈತನು ಇಟ್ಟುಕೊಳ್ಳುವುದಕ್ಕೂ ನೆರೆಯವರಿಗೆ ಕೊಡುವುದಕ್ಕೂ ಕಾನೂನಿನ ಅಡ್ಡಿಯುಂಟೇ ಎಂದು ಕೆಲವರು ಸಂಶಯಪಡುವರು. ೨೦೦೧ನೆಯ ಇಸವಿಯ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ರೈತನು ತಾನು ಬೆಳೆದ ಬೀಜವನ್ನು ಉಳಿಸಬಹುದು, ಮತ್ತೆ ಬಿತ್ತಬಹುದು, ಬದಲಾಯಿಸಬಹುದು, ಮಾರಲೂಬಹುದು. ಮುದ್ರೆಯೊತ್ತಿದ ಚೀಲದಲ್ಲಿ ಹೆಸರು ಹಾಕಿ ಮಾರಕೂಡದೆಂಬುದೊಂದೇ ಕಟ್ಟು. ಅದೇ ಕಾಯಿದೆಯಲ್ಲಿ ಊರಿನವರು ಪರಂಪರೆಯಿಂದ ಕಾಪಾಡಿಕೊಂಡು ಬಂದ ತಳಿಯನ್ನು ಅವರ ಹೆಸರಿನಲ್ಲಿಯೇ ದಾಖಲು ಮಾಡಿಸುವ ಅವಕಾಶವೂ ಇದೆ.

ಹೀಗಿರುವಲ್ಲಿ ಹಳೆಯ ತಳಿಗಳ ಮಾತನ್ನು ಹೇಳಬೇಕು. ದೆಹಲಿಯಲ್ಲಿರುವ ಸಸ್ಯ ತಳಿ ಸಂಪನ್ಮೂಲಗಳ ರಾಷ್ಟ್ರೀಯ ಕೇಂದ್ರವು ೧೯೭೬ರಲ್ಲಿ ಏರ್ಪಟ್ಟಿತು. ಅಲ್ಲಿ ಬೀಜಗಳನ್ನು ಸೊನ್ನೆಗಿಂತ ೧೮ ಡಿಗ್ರಿ ಕೆಳಗಿನ ತಣ್ಪಿನಲ್ಲಿ ಇಡುವರು. ಹೈದರಾಬಾದಿನ ಬಳಿಯ ಪಟಾಂಚೆರುವಿನ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಆರು ಸಾವಿರಕ್ಕೂ ಮೇಲ್ಪಟ್ಟು ಬಗೆಯ ರಾಗಿಗಳ ಸಂಗ್ರಹವಿದೆ. ಇಷ್ಟಾದರೂ ಎಲ್ಲವೂ ಅಲ್ಲಿ ಸೇರಿದೆಯೆಂದು ನಂಬಲಾಗದು. ಗುಡ್ಡದ ಮಗ್ಗುಲಿನ ಊರುಗಳಲ್ಲಿ, ವಯಸ್ಸಾದ ತಾಯಂದಿರು ಗುಡಾಣದಲ್ಲಿಯೋ ಸೋರೆಬುರುಡೆಯಲ್ಲಿಯೋ ಬೂದಿ ಬೆರಸಿ ಇಟ್ಟ ಒಂದೆರಡು ಸೇರು ರಾಗಿಯುಂಟು. ಅವರ ಕಾಲ ಮುಗಿದ ಮೇಲೆ ಮಕ್ಕಳು ಅದನ್ನು ಗಿರಣಿಗೆ ಹಾಕಿಸುವರು. ಫಸಲು ಕಡಮೆಯೆಂದು ಬಿಟ್ಟ ಆ ರಾಗಿಯಲ್ಲಿ ಚೌಳು ನೆಲವನ್ನು ತಡೆಯುವ ಗುಣವೋ, ಬರವನ್ನು ಸಹಿಸುವ ಗುಣವೋ, ಮುಂದೆಂದೋ ಬರಲಿರುವ ರೋಗಕ್ಕೆ ಮದ್ದೋ ಅಡಗಿರಬಹುದು. ಐಇ-೧೦೧೨ರ ಕಥೆಯನ್ನು ಮೇಲೆ ಹೇಳಿದ್ದಾಗಿದೆ.

ತಮ್ಮ ಗ್ರಾಮದಲ್ಲಿ ಅಂಥ ಬೀಜವಿದ್ದರೆ ಯಜಮಾನರು ದಯಮಾಡಿ ಅದನ್ನು ಮನೆಯವರ ಒಪ್ಪಿಗೆಯಿಂದ ಕಾಲು ಸೇರಿನಷ್ಟು ಪಡೆದು, ನೆರಳಿನಲ್ಲಿ ಚೆನ್ನಾಗಿ ಆರಿಸಿ, ಬಟ್ಟೆಯ ಚೀಲದಲ್ಲಿ ಹಾಕಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲಪಿಸಬೇಕು. ಇದಕ್ಕೆ ಕಾರ್ತಿಕ, ಮಾರ್ಗಶಿರ ಮಾಸಗಳ ಕೊಯಿಲಿನ ಸಮಯವು ಅನುಕೂಲ. ಸಾಧ್ಯವಾದರೆ ಒಕ್ಕದ ನಾಲ್ಕಾರು ತೆನೆಗಳನ್ನೂ ಇಡಿಯಾಗಿ ಕಳುಹಿಸಬೇಕು, ಏಕೆಂದರೆ ತೆನೆಯ ಆಕಾರದಿಂದ ತಿಳಿಯುವ ಸಂಗತಿಗಳು ಕಾಳಿನಿಂದ ತಿಳಿಯುವುದಿಲ್ಲ. ಚೀಲದೊಳಗೊಂದು ಹೊರಗೊಂದು ಚೀಟಿಯನ್ನಿಟ್ಟು, ಊರಿನವರು ಆ ರಾಗಿಯನ್ನು ಕರೆಯುವ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು, ಯಾವ ಮಳೆಗೆ ಬಿತ್ತುವರು, ಎಷ್ಟು ದಿನಕ್ಕೆ ಬರುವುದು, ಎಂಥ ನೆಲದಲ್ಲಿ ಬೆಳೆಯುವುದು, ಮುದ್ದೆಗೆ ಹೇಗೆ, ರೊಟ್ಟಿಗೆ ಹೇಗೆ, ದನಗಳು ಹುಲ್ಲನ್ನು ಮೆಚ್ಚುವುವೇ ಎಂಬುದನ್ನೆಲ್ಲ ಪೆನ್ಸಿಲಿನಲ್ಲಿ ಬರೆಯಬೇಕು. ಶಾಯಿಯಾದರೆ ತೇವ ತಗುಲಿದಾಗ ಅಳಿಸಿಹೋಗುವುದು.